ಔಷಧಿಯ ಡಬ್ಬ ಬೇಡ, ನರ್ಸಮ್ಮನ ಬೆನ್ನಿಗೆ ನಿಲ್ಲಿ

ಪಶ್ಚಿಮ ಆಫ್ರಿಕಾದ ಘಾನಾ ದೇಶದ ಉತ್ತರ ತುದಿಯಲ್ಲಿ ಬೊಲ್ಗಟಾಂಗ ಎಂಬ ಪಟ್ಟಣವಿದೆ. ಅದರ ಪಕ್ಕದ ಬೊಂಗೊ ಸೀಮೆಯಲ್ಲಿ ಕೆಲಸ ಮಾಡಿ ಬಂದ ಗೌರಿಬಿದನೂರಿನ ನಿವೃತ್ತ ನರ್ಸ್ ಒಬ್ಬರು ಕಳೆದ ಸಂಚಿಕೆಯಲ್ಲಿ ಅಲ್ಲಿನ ಶಾಲೆ, ಆಸ್ಪತ್ರೆಗಳ ಬಗ್ಗೆ ಬರೆದಿದ್ದರು. ‘ನಾವೂ ಏನಾದರೂ ಮಾಡಬಹುದೇ’ ಎಂದು ಕೇಳಿ ಹಲವರು ಪತ್ರ ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಅವರ ಉತ್ತರ ಇಲ್ಲಿದೆ.

ಸಿಸ್ಟರ್, ನಮ್ಮದು ಮೆಡಿಕಲ್ ಸ್ಟೋರ್. ಕಂಪನಿಯವರು ಕೊಟ್ಟ ಸ್ಯಾಂಪಲ್‌ಗಳು, ಡೇಟ್ ಮುಗಿಯಲು ಇನ್ನೂ ನಾಲ್ಕೈದು ತಿಂಗಳಿರುವ ಮಾತ್ರೆ, ಸಿರಪ್ ಬೇಕಾದಷ್ಟಿವೆ. ಬಿಸಾಡುವ ಬದಲು ಬೊಂಗೊಗೆ ಕಳಿಸೋಣ ಅಂತ ಆಸೆ. ಹೇಗೆ ಕಳಿಸುವುದು?
— ಔಷಧಿ ವ್ಯಾಪಾರಿ, ಚಿಂತಾಮಣಿ

ನಿಮ್ಮ ಮನಸ್ಸು ದೊಡ್ಡದು. ಆದರೂ ಕೈ ಮುಗಿದು ಕೇಳಿಕೊಳ್ಳುತ್ತೇನೆ, ಕಳಿಸಬೇಡಿ.

ದಾನದ ಔಷಧಿಗೆ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ನಿಯಮ ಮಾಡಿದೆ. ಪಡೆಯುವವರು ಕೇಳಿದ್ದನ್ನೇ ಕೊಡಬೇಕು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು. ರೋಗಿಗಳು ವಾಪಸ್ ಕೊಟ್ಟದ್ದು, ಸ್ಯಾಂಪಲ್ ಎಂದು ಹಂಚಿದ್ದು ಕೂಡದು. ಇದೆಲ್ಲ ಬರೀ ಕಾಗದದ ಕಟ್ಟಳೆ ಅನ್ನಿಸಬಹುದು. ಹಾಗಲ್ಲ. ಅಲ್ಲಿನ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿರುವುದು ಒಬ್ಬರೋ ಇಬ್ಬರೋ ನರ್ಸ್. ಡಬ್ಬ ಬಂದರೆ ಅವರು ಹೊರಗೆ ಬೆಂಚಿನ ಮೇಲೆ ಕೂತ ತಾಯಂದಿರನ್ನು ಬಿಟ್ಟು, ತಮಗೆ ಪರಿಚಯವಿಲ್ಲದ ಬ್ರಾಂಡ್‌ಗಳನ್ನು ಒಂದೊಂದಾಗಿ ಓದಿ, ವಿಂಗಡಿಸಿ, ಪಟ್ಟಿ ಮಾಡಿ, ಕೊನೆಗೆ ಅವಧಿ ಮುಗಿದದ್ದನ್ನು ಸುಡುವ ಏರ್ಪಾಡನ್ನೂ ಮಾಡಬೇಕು.

ಹಾವಿನ ಕಡಿತದ ವಿಷಯ ಹೇಳಲೇಬೇಕು. ಮಳೆ ಬಿದ್ದು ಕಡಲೆಕಾಯಿ, ಜೋಳದ ಹೊಲಕ್ಕೆ ಜನ ಇಳಿದ ಮೇಲೆ ಬೊಂಗೊ ಕಡೆ ಹಾವು ಕಚ್ಚಿದವರು ಬರುತ್ತಲೇ ಇರುತ್ತಾರೆ. ಅಲ್ಲಿ ಹೆಚ್ಚು ಕಚ್ಚುವುದು ನಮ್ಮ ಗರಗಸ ಮಂಡಲದ ಕುಲಕ್ಕೇ ಸೇರಿದ ಹಾವು. ನೋಡಲು ಹತ್ತಿರದ ನೆಂಟ, ಆದರೆ ವಿಷ ಬೇರೆ. ನಮ್ಮ ದೇಶದ ಹಾವುಗಳ ವಿಷದಿಂದ ತಯಾರಿಸಿದ ಪ್ರತಿವಿಷ ಅಗ್ಗ ಎಂದು ಘಾನಾ, ಚಾಡ್ ದೇಶಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದಾಗ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ವೈದ್ಯಕೀಯ ಪತ್ರಿಕೆಗಳಲ್ಲಿ ಇದು ದಾಖಲಾಗಿದೆ. ನಮ್ಮ ಪಾವಗಡದಲ್ಲಿ, ಬಾಗೇಪಲ್ಲಿಯಲ್ಲಿ ಜೀವ ಉಳಿಸುವ ಇಂಜೆಕ್ಷನ್ ಅಲ್ಲಿ ಉಳಿಸಲಿಲ್ಲ. 2022ರಲ್ಲಿ ಅದೇ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಮೂತ್ರಪಿಂಡ ಕೆಟ್ಟು 60ಕ್ಕೂ ಹೆಚ್ಚು ಪುಟ್ಟ ಮಕ್ಕಳು ತೀರಿಕೊಂಡರು. ನಮ್ಮ ದೇಶದಿಂದ ಹೋದ ಕೆಮ್ಮಿನ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ‘ಇಂಡಿಯಾದ ಔಷಧಿ’ ಅಂದಾಗ ಅಲ್ಲಿನ ತಾಯಿ ಒಂದು ಕ್ಷಣ ಹಿಂಜರಿದರೆ ನನಗೆ ಬೇಸರವಿಲ್ಲ, ಅವಳಿಗೆ ಕಾರಣವಿದೆ.

ಹಾಗೆಂದು ನಮ್ಮ ದೇಶ ಅಲ್ಲಿಗೆ ಒಳ್ಳೆಯದನ್ನು ಕೊಟ್ಟಿಲ್ಲವೆಂದಲ್ಲ. ಸಹಾರಾದಿಂದ ಹಾರ್ಮಟ್ಟಾನ್ ಎಂಬ ಒಣ ಧೂಳುಗಾಳಿ ಬೀಸುವ ತಿಂಗಳುಗಳಲ್ಲಿ ಆ ಮರುಭೂಮಿಯ ದಕ್ಷಿಣದ ಅಂಚಿನ ದೇಶಗಳಲ್ಲಿ ಮೆದುಳು ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್, ಊರಿಗೆ ಊರೇ ಹಬ್ಬುತ್ತಿತ್ತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಅದಕ್ಕೆಂದೇ ಒಂದು ಲಸಿಕೆ ತಯಾರಿಸಿತು, ಒಂದು ಡೋಸಿಗೆ ಅರ್ಧ ಡಾಲರಿಗೂ ಕಡಿಮೆ ಬೆಲೆಗೆ. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊ, ಮಾಲಿ, ನೈಜರ್ ದೇಶಗಳಲ್ಲಿ ಹಾಕಲು ಶುರು ಮಾಡಿದರು, ಆಮೇಲೆ ಉತ್ತರ ಘಾನಾಕ್ಕೂ ಬಂತು. ಮೆನಿಂಜೈಟಿಸ್‌ನ ‘ಎ’ ಬಗೆ ಅಲ್ಲಿ ಈಗ ಕಾಣಿಸುವುದೇ ಇಲ್ಲ ಎನ್ನುವಷ್ಟಾಗಿದೆ. ಅಲ್ಲಿನ ರೋಗಕ್ಕೆ, ಅಲ್ಲಿನವರು ಕೇಳಿದ ಬೆಲೆಗೆ, ಅಲ್ಲಿನ ಮಕ್ಕಳಲ್ಲೇ ಪರೀಕ್ಷಿಸಿ ಮಾಡಿದ ಲಸಿಕೆ ಅದು. ನಮ್ಮ ಅಂಗಡಿಯಲ್ಲಿ ಉಳಿದದ್ದಲ್ಲ.

ನಿಮಗೆ ನಿಜಕ್ಕೂ ಮನಸ್ಸಿದ್ದರೆ ಅಲ್ಲಿನ ಜಿಲ್ಲಾ ಆರೋಗ್ಯ ಕಚೇರಿಗೆ ಬರೆದು ಏನು ಬೇಕೆಂದು ಕೇಳಿ. ಬರುವ ಉತ್ತರ ಬಹಳ ಸಪ್ಪೆಯಾಗಿರುತ್ತದೆ, ಅದಕ್ಕೆ ಸಿದ್ಧರಾಗಿ: ಲಸಿಕೆ ಫ್ರಿಜ್‌ನ ಬ್ಯಾಟರಿ, ಬಿ.ಪಿ. ಉಪಕರಣದ ತೋಳುಪಟ್ಟಿ, ನರ್ಸಮ್ಮನ ಮೋಟಾರ್ ಬೈಕಿನ ಟೈರು. ಘಾನಾದ ಹಳ್ಳಿ ಆರೋಗ್ಯ ವ್ಯವಸ್ಥೆ ನಿಂತಿರುವುದೇ ಆ ಬೈಕಿನ ಮೇಲೆ. ಬೊಂಗೊ ಪಕ್ಕದ ನವ್ರೊಂಗೊದಲ್ಲಿ 1990ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ನರ್ಸನ್ನು ದೂರದ ಆಸ್ಪತ್ರೆಯಲ್ಲಿ ಕೂರಿಸುವ ಬದಲು ಹಳ್ಳಿಯೊಳಗೇ ಮನೆ ಕಟ್ಟಿಕೊಟ್ಟು, ಬೈಕ್ ಕೊಟ್ಟು, ಮನೆಮನೆಗೆ ಕಳಿಸಿದರು. ಮಕ್ಕಳ ಸಾವು ಕಡಿಮೆಯಾಯಿತು. ಸರ್ಕಾರ ಅದನ್ನೇ ಇಡೀ ದೇಶಕ್ಕೆ ವಿಸ್ತರಿಸಿತು. ಸಿ.ಎಚ್.ಪಿ.ಎಸ್. ಎಂಬ ಯೋಜನೆಯ ಹೆಸರಿನಿಂದ ‘ಚಿಪ್ಸ್ ಕಾಂಪೌಂಡ್’ ಎಂದು ಜನ ಕರೆಯುವುದು ನರ್ಸಮ್ಮನ ಆ ಮನೆಯನ್ನೇ. ಟೈರು ಸವೆದು ಬೈಕು ನಿಂತರೆ ದೂರದ ಮನೆಗಳ ಬಾಣಂತಿಯರನ್ನು ನೋಡುವವರಿಲ್ಲ.

ಶಿಡ್ಲಘಟ್ಟದಲ್ಲಿ ರೀಲಿಂಗ್ ಮಾಡುವ ನಾವು ಕೆಲವು ಗೆಳೆಯರು ಸೇರಿ ಸ್ವಲ್ಪ ಹಣ ಕೂಡಿಸಿದ್ದೇವೆ. ಟ್ರಸ್ಟ್ ಮಾಡಿಯೇ ಕಳಿಸಬೇಕಾ? ತೆರಿಗೆ ವಿನಾಯಿತಿ ಸಿಗುತ್ತಾ? ಯಾವುದಕ್ಕೆ ಕೊಟ್ಟರೆ ಒಳ್ಳೆಯದು?
— ರೇಷ್ಮೆ ನೂಲು ತೆಗೆಯುವವರು, ಶಿಡ್ಲಘಟ್ಟ

ಟ್ರಸ್ಟ್ ಮಾಡಲು ಹೊರಡಬೇಡಿ. ಇಲ್ಲಿನ ಟ್ರಸ್ಟ್ ದೇಶದ ಹೊರಗೆ ಖರ್ಚು ಮಾಡಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಇಲ್ಲದೆ ಆ ಖರ್ಚಿಗೆ ವಿನಾಯಿತಿ ಇಲ್ಲ. ನೀವು ಒಬ್ಬೊಬ್ಬರೂ ನಿಮ್ಮ ನಿಮ್ಮ ಖಾತೆಯಿಂದ ದಾನವಾಗಿ ಕಳಿಸಬಹುದು. ಜನ ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್.ಆರ್.ಎಸ್. ಯೋಜನೆಯಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಅವಕಾಶವಿದೆ, ನಿಮಗೆ ಅದು ಧಾರಾಳ. ಪ್ಯಾನ್ ಕಾರ್ಡ್ ಹಿಡಿದು ಬ್ಯಾಂಕಿಗೆ ಹೋಗಿ ಎ2 ಫಾರಂ ಕೇಳಿ. ವಿದೇಶದ ಸಂಸ್ಥೆಗೆ ನೇರವಾಗಿ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದನ್ನು ಮನಸ್ಸಿನಿಂದ ತೆಗೆದುಬಿಡಿ. ಎಫ್.ಸಿ.ಆರ್.ಎ. ಬಗ್ಗೆಯೂ ನಿಮ್ಮಲ್ಲೊಬ್ಬರು ಕೇಳಿದ್ದೀರಿ. ಅದು ಹೊರಗಿನಿಂದ ಒಳಗೆ ಬರುವ ಹಣದ ಕಾನೂನು. ಇನ್ನೊಂದು ಮಾತು: ಯಾವ ಕಾರಣಕ್ಕೂ ಒಬ್ಬ ವ್ಯಕ್ತಿಯ ಹೆಸರಿನ ಖಾತೆಗೆ ಹಾಕಬೇಡಿ, ಅವರು ಎಷ್ಟೇ ಒಳ್ಳೆಯವರಿರಲಿ. ಅಲ್ಲಿ ನೋಂದಣಿಯಾದ, ಲೆಕ್ಕ ತಪಾಸಣೆ ಮಾಡಿಸುವ ಸಂಸ್ಥೆಯ ಖಾತೆಗೇ ಹೋಗಲಿ.

ಯಾವುದಕ್ಕೆ ಕೊಡಬೇಕೆಂದರೆ ನನ್ನ ಮನಸ್ಸಿನಲ್ಲಿ ಮೊದಲು ಬರುವುದು ಆರೋಗ್ಯ ವಿಮೆಯ ಕಾರ್ಡು. ಘಾನಾ 2003ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆಯ ಕಾನೂನು ಮಾಡಿತು. ಸಾಮಾನು ಕೊಂಡಾಗ ಕಟ್ಟುವ ಶೇ 2.5ರ ಒಂದು ತೆರಿಗೆ ಅದಕ್ಕೆ ಹೋಗುತ್ತದೆ. 18 ವರ್ಷದೊಳಗಿನ ಮಕ್ಕಳಿಗೆ ಪ್ರೀಮಿಯಂ ಇಲ್ಲ, 2008ರಿಂದ ಬಸುರಿಯರಿಗೂ ಇಲ್ಲ. ಬಡ ದೇಶವೊಂದು ತನ್ನ ಜನರಿಗಾಗಿ ಇಷ್ಟನ್ನು ಮಾಡಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಕಾರ್ಡು ಮಾಡಿಸಲು, ಅವಧಿ ಮುಗಿದಾಗ ನವೀಕರಿಸಲು ಒಂದು ಸಣ್ಣ ಶುಲ್ಕವಿದೆ. ಬಡವರು ಎಡವುವುದು ಅಲ್ಲೇ.

ಅಲ್ಲಿನ ಹೆಂಗಸರು ಒಣಹುಲ್ಲಿಗೆ ಬಣ್ಣ ಕಟ್ಟಿ ಬುಟ್ಟಿ ಹೆಣೆಯುತ್ತಾರೆ, ‘ಬೊಲ್ಗ ಬುಟ್ಟಿ’ ಎಂದು ಹೊರದೇಶದಲ್ಲೆಲ್ಲ ಹೆಸರು. ಬೊಲ್ಗಟಾಂಗದ ಸಂತೆ ಮೂರು ದಿನಕ್ಕೊಮ್ಮೆ. ಸಂತೆಯ ಮಾರನೇ ದಿನ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಒಬ್ಬ ತಾಯಿಯನ್ನು ‘ಜ್ವರ ಯಾವತ್ತಿಂದ’ ಎಂದು ಕೇಳಿದೆ. ನಿನ್ನೆಯದಲ್ಲ, ಅದರ ಹಿಂದಿನ ಸಂತೆಯ ದಿನದಿಂದ ಎಂದಳು. ಕಾರ್ಡಿನ ಅವಧಿ ಮುಗಿದಿತ್ತು, ಬುಟ್ಟಿ ಮಾರಿ ದುಡ್ಡು ಕೈಗೆ ಬರುವವರೆಗೆ ಕಾದಿದ್ದಳು. ಮಲೇರಿಯಾ ಹಿಡಿದ ಎರಡು ವರ್ಷದ ಮಗುವಿಗೆ ಆ ಕಾಯುವಿಕೆ ಎಷ್ಟು ಅಪಾಯವೆಂದು ನರ್ಸ್ ಆದವಳಿಗೆ ಗೊತ್ತು. ಒಂದು ಹಳ್ಳಿಯ ತೀರಾ ಬಡ ಮನೆಗಳ ಕಾರ್ಡುಗಳನ್ನು ಅವಧಿ ಮುಗಿಯುವ ಮೊದಲೇ ನವೀಕರಿಸಿಡುವ ಕೆಲಸಕ್ಕೆ ನಿಮ್ಮ ಹಣ ಹೋಗಲಿ. ಊರಿನ ಆರೋಗ್ಯ ಸಮಿತಿಯೇ ಯಾರ ಮನೆ ಎಂದು ಪಟ್ಟಿ ಕೊಡುತ್ತದೆ.

ನಮ್ಮೂರ ಆರೋಗ್ಯ ಕೇಂದ್ರದಲ್ಲೇ ಡಾಕ್ಟರು ಇರೋದಿಲ್ಲ. ಬೋರು ಸಾವಿರದ ಐನೂರು ಅಡಿ ಹೋದರೂ ನೀರಿಲ್ಲ, ಬಂದ ನೀರಲ್ಲಿ ಫ್ಲೋರೈಡು. ಇಲ್ಲಿನ ಕಷ್ಟ ಬಿಟ್ಟು ಆಫ್ರಿಕಾಕ್ಕೆ ಯಾಕೆ ಓಡಬೇಕು ತಾಯಿ?
— ರೈತರು, ಶ್ರೀನಿವಾಸಪುರ

ಅಣ್ಣಾ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಕೈಯಲ್ಲಿ ಇರುವುದು ಸ್ವಲ್ಪವೇ ಹಣವಾದರೆ ಅದನ್ನು ನಿಮ್ಮೂರ ಅಂಗನವಾಡಿಗೇ ಕೊಡಿ. ಅದರಲ್ಲಿ ನನ್ನದು ಎರಡು ಮಾತಿಲ್ಲ. ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲವೆಂದು ನೀವು ಜಗಳ ಮಾಡಬೇಕಾದದ್ದು ತಾಲೂಕು ಆರೋಗ್ಯಾಧಿಕಾರಿಯ ಹತ್ತಿರ. ಆ ಜಗಳಕ್ಕೆ ಕರೆದರೆ ನಾನೂ ಬರುತ್ತೇನೆ.

ಆದರೆ ನೀವು ಬರೆದ ಫ್ಲೋರೈಡಿನ ಮಾತೇ ನನ್ನ ಉತ್ತರ. ಬೊಂಗೊ ಮಕ್ಕಳು ನಕ್ಕಾಗ ಕಾಣುವುದು ನಿಮ್ಮೂರ ಮಕ್ಕಳ ಹಲ್ಲೇ, ಅದೇ ಕಂದು ಪಟ್ಟೆ. ನಮ್ಮ ಹಾಗೇ ಅಲ್ಲಿಯೂ ನೆಲದಡಿಯಲ್ಲಿ ಗ್ರಾನೈಟ್ ಬಂಡೆ, ಅದರೊಳಗಿನ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿನ ಕೆಲವು ಕೊಳವೆಬಾವಿಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದ್ದರಿಂದ ಬಾಯಿ ಮುಚ್ಚಿ ಸೀಲ್ ಮಾಡಿಬಿಟ್ಟರು. ಆ ಬಾವಿಗಳನ್ನು ಕೊರೆಸಿದ್ದಾದರೂ ಯಾಕೆ? ಕೆರೆ ಕುಂಟೆಯ ನೀರು ಕುಡಿದು ಬರುವ ಕಾಯಿಲೆಗಳಿಂದ ಜನರನ್ನು ಪಾರು ಮಾಡಲು. ಅಂಥದ್ದರಲ್ಲಿ ಒಂದು ನಾರುಹುಣ್ಣು. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳ ಹಳಬರಿಗೆ ಗೊತ್ತಿರುತ್ತದೆ, ಕಾಲಿನ ಗುಳ್ಳೆ ಒಡೆದು ದಾರದಂಥ ಉದ್ದನೆಯ ಹುಳು ಹೊರಬರುವ ಕಾಯಿಲೆ. ಅದಕ್ಕೆ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಿದ್ದವರು ಕೆರೆಗೆ ಇಳಿಯದಂತೆ ನೋಡಿಕೊಳ್ಳುವುದು, ಮುಖ್ಯವಾಗಿ ಇಂಥ ಕ್ರಮಗಳಿಂದಲೇ ಭಾರತ 2000ದಲ್ಲಿ, ಘಾನಾ 2015ರಲ್ಲಿ ಅದರಿಂದ ಮುಕ್ತವೆಂದು ಪ್ರಮಾಣಪತ್ರ ಪಡೆದವು. ಮನೆಮನೆಗೆ ಹೋಗಿ ಸೋಸುಬಟ್ಟೆ ಕೊಟ್ಟು, ಹೇಳಿಕೊಟ್ಟವರು ಅದೇ ಊರಿನ ಹೆಂಗಸರು, ಹುಡುಗರು.

ಫ್ಲೋರೈಡಿನ ವಿಷಯದಲ್ಲಿ ನಾವು ಕಲಿತದ್ದು ಅವರಿಗೆ ಬೇಕು. ನಮ್ಮ ಕಡೆ ಊರೂರಿಗೂ ಶುದ್ಧ ನೀರಿನ ಘಟಕ ಬಂತು, ಐದು ರೂಪಾಯಿ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಅನುಕೂಲ ಬಂತು. ನೀರು ಸೋಸುವ ಪೊರೆ ಬದಲಾಯಿಸುವವರಿಲ್ಲದೆ ಎಷ್ಟು ಘಟಕ ಬಾಗಿಲು ಹಾಕಿವೆ, ಸೋಸಿ ಉಳಿದ ಕೆಟ್ಟ ನೀರು ಎಲ್ಲಿಗೆ ಹರಿಯುತ್ತಿದೆ, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೊಂಗೊದ ಶಾಲೆಗೆ ದಾನಿಗಳು ಅಂಥದ್ದೇ ಯಂತ್ರ ಕೊಡಲು ಮುಂದಾದರೆ, ಮೊದಲು ಶಾಲೆಯ ತಗಡಿನ ಮೇಲೆ ಬೀಳುವ ಮಳೆನೀರನ್ನು ತೊಟ್ಟಿಗೆ ಇಳಿಸಿ ಎಂದು ಹೇಳುವ ಅಧಿಕಾರ ನಿಮ್ಮಂಥವರಿಗಿದೆ. ಅಲ್ಲಿ ಮಳೆ ಒಂದೇ ಹಂಗಾಮಿಗೆ ಬರುತ್ತದೆ, ಆದರೆ ನಮಗಿಂತ ಚೆನ್ನಾಗಿ ಬರುತ್ತದೆ.

ಇನ್ನೊಂದು ನೆನಪಿಸುತ್ತೇನೆ. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಕಳೆದ ಶತಮಾನದ ಆರಂಭದಲ್ಲಿ ಕಟ್ಟಿದ್ದು ಅಮೆರಿಕದ ಮೆಥಡಿಸ್ಟ್ ಮಿಷನ್ನಿನವರು. ಆಗ ಅವರ ದೇಶದಲ್ಲೂ ಬಡವರಿದ್ದರು. ನಮ್ಮ ಸೀಮೆಯ ಎಷ್ಟೋ ಮನೆಗಳ ಅಜ್ಜಿಯರ ಹೆರಿಗೆ ಅಲ್ಲಿ ಆಗಿದೆ.

ನಮ್ಮ ಶಾಲೆಯ ಮಕ್ಕಳು ನೋಟ್‌ಬುಕ್, ಇಂಗ್ಲಿಷ್ ಕಥೆಪುಸ್ತಕ ಕೂಡಿಸಿದ್ದಾರೆ. ಜೊತೆಗೆ ಅಲ್ಲಿನ ಒಂದು ಹೆಣ್ಣುಮಗುವಿನ ಓದಿನ ಖರ್ಚು ವಹಿಸಿಕೊಳ್ಳಬೇಕೆಂದು ನನ್ನಾಸೆ.
— ಶಿಕ್ಷಕಿ, ಗುಬ್ಬಿ

ಮೇಡಂ, ಆ ನೋಟ್‌ಬುಕ್ಕುಗಳನ್ನು ಗುಬ್ಬಿಯಲ್ಲೇ ಹಂಚಿ. ಸಾಗಿಸುವ ಖರ್ಚು ಪುಸ್ತಕದ ಬೆಲೆಯನ್ನು ಮೀರುತ್ತದೆ, ಬೊಲ್ಗಟಾಂಗದ ಅಂಗಡಿಯಲ್ಲಿ ನೋಟ್‌ಬುಕ್ ಸಿಗುತ್ತದೆ, ಅಲ್ಲಿ ಕೊಂಡರೆ ಅಂಗಡಿಯವನಿಗೂ ವ್ಯಾಪಾರ. ಕಥೆಪುಸ್ತಕಕ್ಕೂ ಇದೇ ಮಾತು. ಅಲ್ಲಿನ ಮಕ್ಕಳು ಮನೆಯಲ್ಲಿ ಆಡುವುದು ಗುರುನೆ ಭಾಷೆ, ಚಿಕ್ಕ ತರಗತಿಗಳಲ್ಲಿ ಊರ ಭಾಷೆಯಲ್ಲೇ ಕಲಿಸಬೇಕೆಂಬ ನೀತಿಯೂ ಇದೆ, ಆದರೆ ಆ ಭಾಷೆಯಲ್ಲಿ ಓದಲು ಪುಸ್ತಕ ಕಡಿಮೆ. ಅಲ್ಲಿನ ಮೇಷ್ಟ್ರುಗಳೇ ಬರೆದ ಕಥೆಗಳನ್ನು ಅಲ್ಲೇ ಅಚ್ಚು ಹಾಕಿಸಲು ನೆರವಾದರೆ ಅದು ಮಕ್ಕಳ ಕೈಯಲ್ಲಿ ಹರಿಯುವವರೆಗೂ ಓದಿಸಿಕೊಳ್ಳುತ್ತದೆ.

ಹೆಣ್ಣುಮಗುವಿನ ವಿಷಯ. ಘಾನಾದಲ್ಲಿ 2017ರ ಸೆಪ್ಟೆಂಬರಿನಿಂದ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆಗೆ ಶುಲ್ಕವಿಲ್ಲ, ಹಾಸ್ಟೆಲ್ ಊಟಕ್ಕೂ ಇಲ್ಲ. ಹಾಗಿದ್ದರೆ ಖರ್ಚು ಯಾವುದು ಎಂದು ಕೇಳುತ್ತೀರಿ. ಸೀಟು ಸಿಕ್ಕ ಮಗುವಿಗೆ ಶಾಲೆ ಒಂದು ಪಟ್ಟಿ ಕೊಡುತ್ತದೆ: ಟ್ರಂಕು, ತೆಳು ಹಾಸಿಗೆ, ಬಕೆಟ್, ಹುಲ್ಲು ಸವರುವ ಕತ್ತಿ, ಪೊರಕೆ, ಬಿಳಿ ಚಪ್ಪಲಿ, ಮತ್ತೆ ಬೀಗ ಹಾಕುವ ಒಂದು ಮರದ ಪೆಟ್ಟಿಗೆ. ಅದಕ್ಕೆ ‘ಚಾಪ್ ಬಾಕ್ಸ್’ ಎನ್ನುತ್ತಾರೆ. ಅದರಲ್ಲಿ ಮರಗೆಣಸನ್ನು ತುರಿದು ಹುರಿದ ಗಾರಿ, ಒಣಮೀನು ಹಾಕಿ ಎಣ್ಣೆಯಲ್ಲಿ ಹುರಿದ ಶಿಟೊ ಎಂಬ ಕರಿ ಖಾರ, ಸಕ್ಕರೆ, ಕಡಲೆಬೀಜ. ಸಂಜೆ ಹಸಿವಾದಾಗ ಗಾರಿಯನ್ನು ತಣ್ಣೀರಲ್ಲಿ ನೆನೆಸಿ ಸಕ್ಕರೆ, ಕಡಲೆಬೀಜ ಹಾಕಿಕೊಂಡು ತಿಂದು ಮತ್ತೆ ಓದಲು ಕೂರುತ್ತಾರೆ. ಈ ಪಟ್ಟಿ ಪೂರೈಸಲಾಗದೆ ಸೀಟು ಬಿಟ್ಟ ಹುಡುಗಿಯರಿದ್ದಾರೆ. ಆ ದುಡ್ಡಿಗಾಗಿ ದಕ್ಷಿಣದ ಅಕ್ರಾ ನಗರಕ್ಕೆ ಹೋಗಿ, ಮಾರುಕಟ್ಟೆಯಲ್ಲಿ ದೊಡ್ಡ ಬೋಗುಣಿ ತಲೆಯ ಮೇಲಿಟ್ಟು ಬೇರೆಯವರ ಸಾಮಾನು ಹೊರುವ ಉತ್ತರದ ಹುಡುಗಿಯರೂ ಇದ್ದಾರೆ. ಕಾಯಾಯೆ ಎಂದು ಅವರನ್ನು ಕರೆಯುತ್ತಾರೆ. ರಾತ್ರಿ ಮಲಗುವುದು ಅಂಗಡಿಗಳ ಮುಂದೆ. ಹೋದವರೆಲ್ಲ ಶಾಲೆಗೆ ಮರಳುವುದಿಲ್ಲ.

ಒಂದೇ ಮಗುವನ್ನು ಆರಿಸಿ ಫೋಟೊ ತರಿಸಿಕೊಳ್ಳುವ ಪದ್ಧತಿ ನನಗೆ ಇಷ್ಟವಿಲ್ಲ. ಆರಿಸಿಕೊಂಡ ಮಗುವಿನ ಪಕ್ಕದ ಬೆಂಚಿನಲ್ಲಿ ಅಷ್ಟೇ ಬಡ ಮಗು ಕೂತಿರುತ್ತದೆ, ಅದಕ್ಕೆ ತಾನು ಯಾಕಲ್ಲ ಎಂದು ಯಾರೂ ಹೇಳುವುದಿಲ್ಲ. ಶಾಲೆಯ ಪೋಷಕರ ಸಂಘದಲ್ಲಿ ‘ಟ್ರಂಕು-ಪೆಟ್ಟಿಗೆ ನಿಧಿ’ ಎಂದು ಒಂದನ್ನು ಶುರು ಮಾಡಿಸಿ. ಪೆಟ್ಟಿಗೆಯನ್ನು ಊರಿನ ಬಡಗಿಯೇ ಮಾಡಲಿ. ಮೂರು ವರ್ಷ ಮುಗಿಸಿ ಹೊರಡುವ ಹುಡುಗಿ ಪೆಟ್ಟಿಗೆಯನ್ನು ಬಿಟ್ಟು ಹೋದರೆ ಮುಂದಿನವಳಿಗೆ ಆಯಿತು. ತುಮಕೂರಿನವರಿಗೆ ಹಾಸ್ಟೆಲ್ಲಿನ ಬೆಲೆ ಹೇಳಬೇಕಾಗಿಲ್ಲ, ಸಿದ್ಧಗಂಗೆಯ ಅನ್ನ ಉಂಡು ಓದಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ನಿಮ್ಮ ನಿಧಿಗೆ ಮೊದಲು ಅವರನ್ನೇ ಕೇಳಿ.

ನಾನು ಜಿ.ಎನ್.ಎಂ. ಕೊನೆಯ ವರ್ಷದಲ್ಲಿದ್ದೀನಿ ಅಕ್ಕಾ. ನಿಮ್ಮ ಥರ ಅಲ್ಲಿಗೆ ಹೋಗಿ ಕೆಲಸ ಮಾಡಬೇಕು. ಅಮ್ಮನಿಗೆ ಊಟದ ಚಿಂತೆ.
— ನರ್ಸಿಂಗ್ ವಿದ್ಯಾರ್ಥಿನಿ, ಕೋಲಾರ

ಅಮ್ಮನಿಗೆ ಧೈರ್ಯ ಹೇಳಮ್ಮ. ಅಲ್ಲಿ ದಿನದ ಊಟ ‘ಟುವೊ ಜಾಫಿ’, ಸಜ್ಜೆ ಅಥವಾ ಜೋಳದ ಹಿಟ್ಟನ್ನು ಕುದಿಸಿ ಕೋಲಿನಲ್ಲಿ ತಿರುವಿ ಕಟ್ಟುವುದು, ನಮ್ಮ ಮುದ್ದೆಯ ಥರವೇ. ಬೆಂಡೆಕಾಯಿಯದೋ ಸೆಣಬಿನ ಎಲೆಯದೋ ಲೋಳೆ ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಕೋಲಾರದ ಹುಡುಗಿ ಮೊದಲ ದಿನವೇ ಒಗ್ಗಿಕೊಳ್ಳುತ್ತಾಳೆ.

ಆದರೆ ಓದು ಮುಗಿದ ತಕ್ಷಣ ಹೊರಡಬೇಡ. ಘಾನಾದಲ್ಲಿ ನರ್ಸಿಂಗ್ ಓದಿದ ಹುಡುಗಿಯರು ಸರ್ಕಾರಿ ನೇಮಕಾತಿಗೆ ಕಾಯುತ್ತಾ ಮನೆಯಲ್ಲಿದ್ದಾರೆ, ಇನ್ನೊಂದು ಕಡೆ ಅನುಭವ ಇರುವವರು ಬ್ರಿಟನ್ನಿಗೆ ಹೋಗುತ್ತಿದ್ದಾರೆ. ಹೊಸಬರ ಕೊರತೆ ಅಲ್ಲಿಲ್ಲ, ಕೈ ಪಳಗಿದವರ ಕೊರತೆ ಇದೆ. ನಮ್ಮದೇ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಒಂದೆರಡು ವರ್ಷ ಹೆರಿಗೆ ಮಾಡಿಸು. ರಕ್ತಸ್ರಾವ ನಿಲ್ಲಿಸುವುದು, ಹುಟ್ಟಿದ ಮಗುವಿಗೆ ಉಸಿರು ಹಿಡಿಸುವುದು ಯೋಚಿಸದೆ ಕೈಗೆ ಬರಬೇಕು. ಗಡಿಯಿಲ್ಲದ ವೈದ್ಯರು, ಅಂದರೆ ಎಂ.ಎಸ್.ಎಫ್. ಸಂಸ್ಥೆಗೆ ದೆಹಲಿಯಲ್ಲಿ ಕಚೇರಿ ಇದೆ, ಅವರೂ ಅನುಭವ ಇದ್ದವರನ್ನೇ ತೆಗೆದುಕೊಳ್ಳುತ್ತಾರೆ. ಫ್ರೆಂಚ್ ಕಲಿ. ಬೊಂಗೊದಿಂದ ಗಡಿ ದಾಟಿದರೆ ಬುರ್ಕಿನಾ ಫಾಸೊ, ಪೂರ್ವಕ್ಕೆ ಟೋಗೊ, ಎರಡು ಕಡೆಯೂ ಆಸ್ಪತ್ರೆಯ ಕಾಗದಪತ್ರ ಫ್ರೆಂಚಿನಲ್ಲಿ. ಘಾನಾದಲ್ಲೇ ಕೆಲಸ ಮಾಡುವುದಾದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿ ಆಗದೆ ರೋಗಿಯನ್ನು ಮುಟ್ಟುವಂತಿಲ್ಲ. ಯಾರಾದರೂ ಅದೆಲ್ಲ ಬೇಡ ಬಾ ಎಂದರೆ ಹೋಗಬೇಡ.

ನಾನು ಏಳನೇ ಕ್ಲಾಸು. ಬೊಂಗೊ ಮಕ್ಕಳಿಗೆ ಪತ್ರ ಬರೆಯಬಹುದಾ?
— ವಿದ್ಯಾರ್ಥಿ, ಗುಡಿಬಂಡೆ

ಖಂಡಿತ ಬರೆಯಪ್ಪ. ನಿನ್ನೊಬ್ಬನದೇ ಬೇಡ, ಇಡೀ ತರಗತಿಯ ಪತ್ರ ಮಾಡಿ, ನಿಮ್ಮ ಮೇಷ್ಟ್ರ ಮೂಲಕ ಅಲ್ಲಿನ ಮೇಷ್ಟ್ರಿಗೆ ಹೋಗಲಿ. ಮನೆ ವಿಳಾಸ, ಫೋನ್ ನಂಬರ್ ಹಾಕಬೇಡಿ. ‘ನಿಮಗೆ ಏನು ಕಳಿಸೋಣ’ ಎಂದು ಕೇಳಬೇಡಿ, ಅವರೂ ನಿಮ್ಮ ಥರ ಓದುವ ಮಕ್ಕಳು. ನಿಮ್ಮ ಕೆರೆ ಈ ಸಲ ತುಂಬಿತಾ, ಬೆಟ್ಟದ ಮೇಲಿನ ಕೋಟೆಯಲ್ಲಿ ಮಳೆನೀರನ್ನು ಹೇಗೆ ಹಿಡಿದಿಟ್ಟಿದ್ದಾರೆ, ಕಡಲೆಕಾಯಿ ಯಾವಾಗ ಕೀಳುತ್ತೀರಿ, ಇದನ್ನೆಲ್ಲ ಚಿತ್ರ ಬಿಡಿಸಿ ಬರೆಯಿರಿ. ಅಲ್ಲಿಯೂ ಕಡಲೆಕಾಯಿ ಬೆಳೆಯುತ್ತಾರೆ, ಅವರು ಯಾವಾಗ ಕೀಳುತ್ತಾರೆಂದು ಕೇಳಿ. ಶಾಲೆಯ ವಿಳಾಸವನ್ನು ನಿಮ್ಮ ಮೇಷ್ಟ್ರಿಗೆ ಪತ್ರಿಕೆಯ ಕಚೇರಿಯಿಂದ ಕಳಿಸುತ್ತೇವೆ.